ಬೇಸಿಗೆಯ ಬೀಡು: ಮಕ್ಕಳು, ಬಯಲು ಮತ್ತು ಮನೆಮಾತು

ಕೇರಳದ ಶಾಲೆಗಳು ಮಾರ್ಚ್ ಕೊನೆಗೆ ಬಾಗಿಲು ಮುಚ್ಚಿ ಜೂನ್ ಮೊದಲಿಗೆ ತೆರೆಯುತ್ತವೆ. ನಡುವಣ ಎರಡು ತಿಂಗಳು ನಮ್ಮ ಕಾಸರಗೋಡಿನ ಮನೆಮನೆಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಮಕ್ಕಳನ್ನು ಏನು ಮಾಡುವುದು? ಪೇಟೆಯಲ್ಲಿ ಇದಕ್ಕೆ ಎರಡು ಉತ್ತರಗಳು ಸಿದ್ಧವಾಗಿವೆ. ಒಂದು, ಬೆಳಗಿನಿಂದ ಸಂಜೆಯವರೆಗೆ ಚಿತ್ರಕಲೆ, ಗಣಿತ, ಇಂಗ್ಲಿಷ್ ಸಂಭಾಷಣೆಗಳನ್ನು ಕಲಿಸುವ ಬೇಸಿಗೆ ಶಿಬಿರ. ಇನ್ನೊಂದು, ಕೊಡಗಿಗೋ ವಯನಾಡಿಗೋ ಹೋಗಿ ಎರಡು ದಿನ ರೆಸಾರ್ಟಿನಲ್ಲಿದ್ದು ಬರುವ ಪ್ರವಾಸ. ಮೊದಲನೆಯದರಲ್ಲಿ ಮಕ್ಕಳಿದ್ದಾರೆ, ಹಿರಿಯರಿಲ್ಲ. ಎರಡನೆಯದರಲ್ಲಿ ಎಲ್ಲರೂ ಇದ್ದಾರೆ, ಆದರೆ ಅವರಿಗೆ ಒಟ್ಟಾಗಿ ಮಾಡುವ ಕೆಲಸವೊಂದೂ ಇಲ್ಲ. ಊಟ ಬರುತ್ತದೆ, ಹಾಸಿಗೆ ಹಾಸಿರುತ್ತದೆ, ಕೋಣೆಯ ಗೋಡೆಯಲ್ಲಿ ಟಿ.ವಿ. ಇರುತ್ತದೆ.

ಈ ಎರಡಕ್ಕೂ ಹೊರತಾದ ಮೂರನೆಯ ಉತ್ತರವೊಂದನ್ನು ಈ ಪುಟದಲ್ಲಿ ಮುಂದಿಡಬಯಸುತ್ತೇನೆ. ಪುಟ್ಟ ಮಕ್ಕಳನ್ನು ಕರೆದುಕೊಂಡು ಇಡೀ ಕುಟುಂಬ ಎರಡು ಇರುಳು ಬಯಲಿನಲ್ಲಿ ಬೀಡುಬಿಡಬೇಕು. ನೂರು ಮೈಲಿ ದೂರ ಹೋಗಬೇಕಾಗಿಲ್ಲ. ಅಜ್ಜನ ಮನೆಯ ಗುಡ್ಡೆಯ ಬುಡವಾದರೂ ಸಾಕು. ಇದನ್ನು ಬರಿಯ ವಿನೋದವೆಂದು ಹೇಳುತ್ತಿಲ್ಲ. ಗಡಿನಾಡಿನಲ್ಲಿ ಕನ್ನಡ ಮುಂದಿನ ತಲೆಮಾರಿಗೆ ದಾಟುವ ದಾರಿಗಳಲ್ಲಿ ಇದೂ ಒಂದು, ಮತ್ತು ನಾವು ತೀರ ಅಲಕ್ಷಿಸಿದ ದಾರಿ ಎಂಬುದು ನನ್ನ ವಾದ. ಕನ್ನಡವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರಿಗೆ ಈ ಮಾತು ಸಲ್ಲುವುದು ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಪದದಿಂದಲೇ ಆರಂಭಿಸೋಣ. ಡೇರೆ ಹಾಕಿ ಉಳಿಯುವುದು ನಮ್ಮದಲ್ಲದ, ಪರದೇಶದಿಂದ ಬಂದ ಹವ್ಯಾಸ ಎಂದು ಹಲವರು ಭಾವಿಸುತ್ತಾರೆ. ಭಾಷೆ ಬೇರೆಯದನ್ನೇ ಹೇಳುತ್ತದೆ. ಕೆಡು ಎಂಬ ಧಾತುವಿನಿಂದ ಕೇಡು, ಪಡು ಎಂಬುದರಿಂದ ಪಾಡು, ಹಾಗೆಯೇ ಬಿಡು ಎಂಬುದರಿಂದ ಬೀಡು. ಹೊರೆಯನ್ನು ಇಳಿಸಿ, ಎತ್ತುಗಳನ್ನು ಬಿಚ್ಚಿ ಬಿಟ್ಟ ಜಾಗವೇ ಬೀಡು. ಶಾಸನಗಳಲ್ಲಿ ಅರಸರು ಆಳುತ್ತಿದ್ದ ಸ್ಥಳವನ್ನು ಹೇಳುವಾಗ ಬರುವ ನೆಲೆವೀಡು ಎಂಬ ಪದವನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಹೊಯ್ಸಳರ ರಾಜಧಾನಿ ಇಂದಿಗೂ ಹಳೇಬೀಡು. ತುಳುನಾಡಿನಲ್ಲಿ ಊರ ಹಿರಿಯ ಮನೆತನದ ವಾಸಸ್ಥಾನವನ್ನೂ ಬೀಡು ಎನ್ನುತ್ತಾರೆ. ಒಂದು ರಾತ್ರಿಯ ತಂಗುದಾಣದಿಂದ ರಾಜಧಾನಿಯವರೆಗೆ ಈ ಒಂದೇ ಪದ ಚಾಚಿಕೊಂಡಿದೆ. ಅದರ ಜೊತೆಗೆ ಬಿಡಾರವಿದೆ, ಗುಡಾರವಿದೆ, ಸಂಸ್ಕೃತದಿಂದ ಬಂದ ಶಿಬಿರವಿದೆ, ಉತ್ತರದ ಭಾಷೆಗಳಿಂದ ಬಂದ ಡೇರೆಯಿದೆ, ಈಚೆಗೆ ಬಂದ ಟೆಂಟೂ ಇದೆ. ಹೊರಗೆ ಮಲಗುವ ಅನುಭವವಿಲ್ಲದ ಜನರ ಬಾಯಲ್ಲಿ ಇಷ್ಟು ಪದಗಳು ಸೇರುವುದಿಲ್ಲ.

ಅನುಭವವಂತೂ ಇತ್ತೇ ಇತ್ತು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯವರೆಗೆ ನಮ್ಮ ಗದ್ದೆಗಳಲ್ಲಿ ಯಕ್ಷಗಾನ ಬಯಲಾಟಗಳು ನಡೆಯುತ್ತಿದ್ದವು, ಈಗಲೂ ನಡೆಯುತ್ತಿವೆ. ಆಗ ಆಟವೆಂದರೆ ಇಡೀ ರಾತ್ರಿಯದು. ಮಕ್ಕಳು ಚಾಪೆ, ಹೊದಿಕೆಗಳೊಂದಿಗೆ ಬರುತ್ತಿದ್ದರು. ಪೂರ್ವರಂಗಕ್ಕೆ ಎಚ್ಚರ, ನಡುರಾತ್ರಿಗೆ ನಿದ್ದೆ, ಚೆಂಡೆಯ ಪೆಟ್ಟಿಗೆ ಮತ್ತೆ ಎಚ್ಚರ. ರಾಕ್ಷಸ ವೇಷಕ್ಕೆ ಹೆದರಿ ಅಜ್ಜಿಯ ಸೆರಗಿನೊಳಗೆ ಮುಖ ಮರೆಸಿ, ಅದರ ಸಂದಿನಿಂದಲೇ ಮತ್ತೆ ನೋಡುತ್ತಿದ್ದರು. ಇರುಳಿನ ಇಬ್ಬನಿ, ನಕ್ಷತ್ರ, ನೆಲಗಡಲೆ, ಕಥೆ, ಭಯ, ಅರ್ಥಗಾರಿಕೆಯ ಕನ್ನಡ, ಇವೆಲ್ಲ ಒಂದೇ ಚಾಪೆಯ ಮೇಲೆ ಮಗುವಿಗೆ ಸಿಕ್ಕುತ್ತಿದ್ದವು. ಯಕ್ಷಗಾನದ ಪಿತಾಮಹನೆಂದು ನಾವು ಗೌರವಿಸುವ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ಅವನ ನಾಡಿನಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಪೌರಾಣಿಕ ಕನ್ನಡವನ್ನು ಸುಲಲಿತವಾಗಿ ಆಡುತ್ತಿದ್ದುದಕ್ಕೆ ಈ ಬಯಲಿನ ರಾತ್ರಿಗಳೇ ಕಾರಣ. ಇಂದು ಕಾಲಮಿತಿಯ ಆಟಗಳು ಹೆಚ್ಚಿವೆ. ಅದು ಕಲಾವಿದರ ಆರೋಗ್ಯಕ್ಕೂ ಮರುದಿನ ಕೆಲಸಕ್ಕೆ ಹೋಗಬೇಕಾದವರಿಗೂ ಅನುಕೂಲವೇ. ಆದರೆ ಮಗು ಬಯಲಿನಲ್ಲಿ ಮಲಗಿ ಎದ್ದ ರಾತ್ರಿ ಅದರೊಂದಿಗೆ ಹೋಯಿತು. ಅದರ ಜಾಗಕ್ಕೆ ಬೇರೇನನ್ನೂ ನಾವು ತರಲಿಲ್ಲ.

ಇದು ಎಲ್ಲ ಊರಿನ ಮಾತಲ್ಲವೇ, ಗಡಿನಾಡಿಗೆ ವಿಶೇಷವೇನು ಎಂದು ಕೇಳಬಹುದು. ವಿಶೇಷವಿದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರ ಮಹಾಜನ ಆಯೋಗದ ವರದಿಯು ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು, ಅದು ಜಾರಿಯಾಗಲಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದಾಗ ಇಲ್ಲಿಯ ಕನ್ನಡಿಗರು ಬೀದಿಗಿಳಿದರು. ಈ ಹೋರಾಟಗಳ ನ್ಯಾಯವನ್ನು ನಾನು ಪ್ರಶ್ನಿಸುತ್ತಿಲ್ಲ. ನಾನು ಗಮನಿಸುತ್ತಿರುವುದು ಇನ್ನೊಂದನ್ನು. ಎಪ್ಪತ್ತು ವರ್ಷಗಳ ಈ ಕಥೆಯಿಂದಾಗಿ ನಮ್ಮ ಮಕ್ಕಳ ಕಿವಿಗೆ ಕನ್ನಡ ಬೀಳುವುದು ಬಹುಪಾಲು ಮನವಿಪತ್ರವಾಗಿ, ಠರಾವಾಗಿ, ನವೆಂಬರಿನ ಭಾಷಣವಾಗಿ. ಕನ್ನಡವೆಂದರೆ ಕಳೆದುಕೊಂಡದ್ದು, ಕನ್ನಡವೆಂದರೆ ಉಳಿಸಬೇಕಾದದ್ದು. ಐದು ವರ್ಷದ ಮಗುವಿಗೆ ದುಃಖವನ್ನು ಉತ್ತರಾಧಿಕಾರವಾಗಿ ಕೊಟ್ಟರೆ ಅದು ಎಷ್ಟು ದಿನ ಹೊತ್ತೀತು? ಹೊರಲಾರದೆ ಒಂದು ದಿನ ಇಳಿಸಿಬಿಡುತ್ತದೆ.

ಅತ್ತ ಮನೆಯೊಳಗೆ ಆಡುಮಾತು ದಿನದಿಂದ ದಿನಕ್ಕೆ ಕಿರಿದಾಗುತ್ತಿದೆ. ಕೆಲಸದ ದಿನಗಳಲ್ಲಿ ತಂದೆತಾಯಿಯರು ಮಕ್ಕಳೊಂದಿಗೆ ಆಡುವ ಮಾತುಗಳನ್ನು ಒಮ್ಮೆ ಎಣಿಸಿ ನೋಡಿ: ಏಳು, ಹಲ್ಲುಜ್ಜು, ಬೇಗ, ವ್ಯಾನು ಬಂತು, ಹೋಂವರ್ಕ್ ಆಯಿತಾ, ಮೊಬೈಲ್ ಇಡು, ಮಲಗು. ಇವೆಲ್ಲ ಅಪ್ಪಣೆಗಳು, ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ವಿಧ್ಯರ್ಥಕಗಳು. ವಿವರಿಸುವ, ಹೋಲಿಸುವ, ಊಹಿಸುವ, ಸುಳ್ಳು ಹೆಣೆಯುವ, ಸಮಾಧಾನಪಡಿಸುವ ಕನ್ನಡಕ್ಕೆ ಆ ದಿನಚರಿಯಲ್ಲಿ ಎಡೆಯಿಲ್ಲ. ಮನೆಯೊಳಗಿನ ವಸ್ತುಗಳೂ ಮಾತಿಗೆ ಹೆಚ್ಚು ಕೆಲಸ ಕೊಡುವುದಿಲ್ಲ. ಫ್ರಿಜ್, ಸೋಫಾ, ಚಾರ್ಜರ್‌ಗಳಿಗೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಅವೇ ಹೆಸರು. ಬೇರೆ ಬೇರೆ ಹೆಸರುಗಳು ಬೇಕಾಗುವುದು ಹೊಸ್ತಿಲು ದಾಟಿದ ಮೇಲೆ.

ಹೊಸ್ತಿಲಾಚೆಯ ನಮ್ಮ ನಾಡು ಹೆಸರುಗಳಿಂದ ತುಂಬಿದೆ. ಮುರಕಲ್ಲಿನ ವಿಶಾಲ ಬಯಲು ಪದವು. ಮಳೆಗಾಲದಲ್ಲಿ ಅದರ ತಗ್ಗಿನಲ್ಲಿ ನೀರು ನಿಂತರೆ ಪಳ್ಳ. ಗುಡ್ಡದ ಇಳಿಜಾರಿನಲ್ಲಿ ನೀರನ್ನು ತಡೆದು ನಿಲ್ಲಿಸಿದ್ದು ಮದಕ. ತೋಟದ ನಡುವೆ ಹರಿಯುವುದು ತೋಡು; ಅದು ಸೇರುವುದು ಹೊಳೆಗೆ. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲುಮಣ್ಣುಗಳಿಂದ ಊರವರೇ ಕಟ್ಟುವುದು ಕಟ್ಟ. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದು ಒಸರನ್ನು ಹೊರತರುವುದು ಸುರಂಗ. ಈ ಜಲಮೂಲಕ್ಕಾಗಿ ನಮ್ಮ ಜಿಲ್ಲೆ ದೂರದವರೆಗೂ ಹೆಸರಾಗಿದೆ. ಇವನ್ನೆಲ್ಲ ಪಾಠದಲ್ಲಿಟ್ಟು ಕಲಿಸಿದರೆ ಮಗು ಪರೀಕ್ಷೆ ಮುಗಿಯುವವರೆಗೆ ನೆನಪಿಟ್ಟುಕೊಂಡೀತು. ಕಟ್ಟದ ನೀರಿನಲ್ಲಿ ಒಮ್ಮೆ ಮಿಂದರೆ, ಸುರಂಗದ ಬಾಯಿಯಲ್ಲಿ ಹಿರಿಯರ ಕೈಹಿಡಿದು ನಿಂತು ಒಳಗಿನಿಂದ ಬರುವ ತಂಪಿಗೆ ಮುಖವೊಡ್ಡಿದರೆ, ಪದ ಮೈಗೆ ಹತ್ತುತ್ತದೆ.

ಕಳೆದ ಮೇ ತಿಂಗಳಲ್ಲಿ ನಮ್ಮ ಬಂಧುಗಳ ಮೂರು ಮನೆಗಳವರು ಸೇರಿ ಒಂದು ತೋಟದ ಅಂಚಿನಲ್ಲಿ ಎರಡು ರಾತ್ರಿ ಉಳಿದೆವು. ಮಕ್ಕಳು ಐವರು, ಹಿರಿಯನಿಗೆ ಒಂಬತ್ತು, ಕಿರಿಯಳಿಗೆ ನಾಲ್ಕು. ಮೊದಲ ಸಂಜೆ ಮರದಡಿಯಲ್ಲಿ ಬಿದ್ದಿದ್ದ ಕಿತ್ತಳೆ ಬಣ್ಣದ ಉರುಟು ಹಣ್ಣೊಂದನ್ನು ಎತ್ತಿಕೊಂಡು ಕಿರಿಯಳು ಕೇಳಿದಳು: "ಅಜ್ಜಿ, ಇದು ಓರೆಂಜಾ?" ಅಜ್ಜಿ ಎದ್ದು ಬಂದು ಅದನ್ನು ಅವಳ ಕೈಯಿಂದ ಮೆಲ್ಲನೆ ತೆಗೆದುಕೊಂಡು ಹೇಳಿದರು: "ಅಲ್ಲ ಮಗಾ, ಇದು ಕಾಸರಕನ ಕಾಯಿ. ನೋಡಲಿಕ್ಕೆ ಚಂದ, ತಿನ್ನುವ ಹಾಗಿಲ್ಲ. ಒಳಗಿನ ಬೀಜ ವಿಷ. ಬಾ, ಕೈ ತೊಳೆಯುವ." ಅಂದಿನಿಂದ ಮರುದಿನ ರಾತ್ರಿಯವರೆಗೆ ಆ ಮಗು ಕಂಡ ಕಂಡ ಮರದ ಮುಂದೆ ನಿಂತು "ಇದು ಕಾಸರಕನಾ?" ಎಂದು ಕೇಳಿತು. ಅಲ್ಲವೆಂದಾಗಲೆಲ್ಲ ಇನ್ನೊಂದು ಹೆಸರು ಹೇಳಬೇಕಾಯಿತು: ಗೇರು, ಹೆಬ್ಬಲಸು, ಕಾಟುಮಾವು, ಪುನರ್ಪುಳಿ, ಕೇಪಳ. ಹೇಳಲು ಬಾರದ ಮರಗಳೆದುರು ನಮ್ಮ ನಡುವಯಸ್ಸಿನವರು ಅಜ್ಜಿಯ ಮುಖ ನೋಡಿದರು. ಮೂರು ತಲೆಮಾರಿನಲ್ಲಿ ಪದಗಳು ಎಲ್ಲಿ ತುಂಡಾಗಿವೆ ಎಂಬುದು ಆ ನೋಟದಲ್ಲಿಯೇ ತಿಳಿಯಿತು.

ಕಾಸರಗೋಡು ಎಂಬ ಹೆಸರೇ ಈ ಮರದಿಂದ ಬಂದಿತೆಂಬ ಅಭಿಪ್ರಾಯವೊಂದಿದೆ. ಮಲಯಾಳದವರು ಈ ಮರವನ್ನು ಕಾಂಞಿರಂ ಎನ್ನುತ್ತಾರೆ. ಊರಿನ ಅವರ ಹಳೆಯ ಹೆಸರನ್ನೂ ಅದರಿಂದಲೇ ಬಿಡಿಸುವವರಿದ್ದಾರೆ. ವ್ಯುತ್ಪತ್ತಿಯ ಚರ್ಚೆ ಏನೇ ಇರಲಿ, ಊರ ಹೆಸರನ್ನು ದಿನಕ್ಕೆ ಹತ್ತು ಸಲ ಬರೆಯುವ ನಮ್ಮಲ್ಲಿ ಆ ಮರವನ್ನು ಗುರುತಿಸಬಲ್ಲವರು ಎಷ್ಟು ಮಂದಿ? ಇನ್ನೊಂದು ಮಾತನ್ನೂ ಗಮನಿಸಬೇಕು. ಅಜ್ಜಿ ಹೇಳಿದ ಹೆಸರು ಅಲಂಕಾರಕ್ಕಾಗಿ ಹೇಳಿದ್ದಲ್ಲ, ಮಗುವನ್ನು ಕಾಯುವುದಕ್ಕೆ ಹೇಳಿದ್ದು. ಯಾವುದು ತಿನ್ನಬಹುದು, ಯಾವುದು ತುರಿಸುತ್ತದೆ, ಯಾವ ಕಲ್ಲು ಜಾರುತ್ತದೆ, ಯಾವ ಮೋಡ ಮಳೆ ತರುತ್ತದೆ ಎಂಬುದನ್ನು ತಲೆಮಾರಿನಿಂದ ತಲೆಮಾರಿಗೆ ಕೊಂಡೊಯ್ಯುವುದೇ ಭಾಷೆಯ ಮೊದಲ ಕೆಲಸವಾಗಿತ್ತು. ಆ ಕೆಲಸವನ್ನು ಭಾಷೆಗೆ ಮತ್ತೆ ಕೊಟ್ಟಾಗ ಅದನ್ನು ಉಳಿಸಿರೆಂದು ಯಾರೂ ಬೇಡಬೇಕಾಗುವುದಿಲ್ಲ.

ಇರುಳಿನ ಆಕಾಶ ಇನ್ನೊಂದು ಪಾಠಶಾಲೆ. ಮೇ ತಿಂಗಳಲ್ಲಿ ಮೋಡವಿಲ್ಲದ ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿಗಳು ಎತ್ತರದಲ್ಲಿರುತ್ತಾರೆ. ಅವರ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕೆಂಬಣ್ಣ ಬೆರೆತ ಸ್ವಾತಿ, ಇನ್ನೂ ಮುಂದೆ ಬಿಳಿಯ ಚಿತ್ತಾ. ಬಾಲದ ನಡುವಣ ವಸಿಷ್ಠನ ಪಕ್ಕದಲ್ಲಿ ಅರುಂಧತಿ ಕಾಣುತ್ತಾಳೋ ಎಂದು ಕಣ್ಣು ಕಿರಿದುಮಾಡಿ ನೋಡುವುದು ಮಕ್ಕಳಿಗೆ ಒಂದು ಪಂದ್ಯ. ಧ್ರುವ ನಮ್ಮಲ್ಲಿ ಬಹಳ ತಗ್ಗಿನಲ್ಲಿರುತ್ತಾನೆ. ಒಂದು ಊರಿನ ಅಕ್ಷಾಂಶವೆಷ್ಟೋ ಧ್ರುವನ ಎತ್ತರ ಸುಮಾರು ಅಷ್ಟೇ. ಕಾಸರಗೋಡಿಗೆ ಅದು ಹನ್ನೆರಡೂವರೆ ಡಿಗ್ರಿ. ಚಾಚಿದ ಕೈಯ ಮುಷ್ಟಿಗಿಂತ ತುಸು ಮೇಲಷ್ಟೆ. ಅಡಕೆಮರಗಳ ನಡುವೆ ಅವನು ಸಿಗುವುದೇ ಇಲ್ಲ. ಉತ್ತರಕ್ಕೆ ತೆರೆದ ಬಯಲು ಬೇಕು. ಆಗ್ನೇಯದಲ್ಲಿ ವೃಶ್ಚಿಕ ಕೊಂಬೆತ್ತುತ್ತಿರುತ್ತದೆ. ದಕ್ಷಿಣದ ಅಂಚಿಗೆ ತುಸು ಮೇಲೆ ನಾಲ್ಕು ಚುಕ್ಕೆಗಳ ತ್ರಿಶಂಕು.

ಗಡಿನಾಡಿನ ಕನ್ನಡಿಗರನ್ನು ತ್ರಿಶಂಕುಗಳೆಂದು ಕರೆಯುವುದು ನಮ್ಮ ಸಭೆಗಳಲ್ಲಿ ಸವೆದುಹೋದ ಮಾತು. ಆ ಮಾತನ್ನು ಕೇಳಿ ಬೆಳೆದ ನಾವು ಆ ರಾತ್ರಿ ಮಕ್ಕಳಿಗೆ ತ್ರಿಶಂಕುವನ್ನು ತೋರಿಸಿ ವಿಶ್ವಾಮಿತ್ರನ ಕಥೆ ಹೇಳಿದೆವು. ಕಥೆ ಮುಗಿದಾಗ ಹುಡುಗನೊಬ್ಬ ಕೇಳಿದ: "ಅವನಿಗೆ ಮೇಲಿನಿಂದ ನಮ್ಮ ಟೆಂಟು ಕಾಣುತ್ತದಾ?" ಅವನಿಗೆ ತ್ರಿಶಂಕು ಒಂದು ಅಳಲಾಗಿರಲಿಲ್ಲ, ಆಕಾಶದಲ್ಲಿ ಒಳ್ಳೆಯ ಜಾಗ ಹಿಡಿದವನಾಗಿದ್ದ. ಈ ಮಗು ಮುಂದೊಂದು ದಿನ 1956ರ ಚರಿತ್ರೆಯನ್ನು ಓದಲಿ, ಓದಲೇಬೇಕು. ಅದಕ್ಕೆ ಮುಂಚೆ ಕನ್ನಡದಲ್ಲಿ ಅವನಿಗೊಂದು ಆಕಾಶ ಸಿಕ್ಕಿರಲಿ. ಏಕೀಕರಣದ ಹೋರಾಟಕ್ಕೆ ದನಿಯಾದ ಕಯ್ಯಾರ ಕಿಞ್ಞಣ್ಣ ರೈಗಳು ಮಕ್ಕಳಿಗಾಗಿಯೂ ಕವಿತೆ ಬರೆದರು. ಅಧ್ಯಾಪಕರಾಗಿದ್ದು ಬೇಸಾಯವನ್ನೂ ಮಾಡಿದರು. ಮಗುವಿಗೆ ಮೊದಲು ಸಂತೋಷ ದಕ್ಕಬೇಕೆಂಬುದು ಅವರ ಬರಹಗಳ ನಡುವೆ ನಾವು ಓದಿಕೊಳ್ಳಬಹುದಾದ ತಿಳಿವಳಿಕೆ.

ಇನ್ನು ಆಕ್ಷೇಪಗಳು. ಮೊದಲನೆಯದು ನಮ್ಮ ಮನೆಮಾತಿನದು. ಇಲ್ಲಿಯ ಕನ್ನಡಿಗರಲ್ಲಿ ಬಹಳ ಮಂದಿಯ ಮನೆಯೊಳಗೆ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಇದೆ. ಕನ್ನಡ ಅವರಿಗೆ ಓದಿನ, ಪೂಜೆಯ, ಯಕ್ಷಗಾನದ ಭಾಷೆ. ಅಂಥವರ ಬೀಡಿನಲ್ಲಿ ಯಾವ ಭಾಷೆಯಿರಬೇಕು? ನನ್ನ ಉತ್ತರ ಸರಳ: ಅಜ್ಜಿಯ ಭಾಷೆಯಿರಲಿ. ತುಳುವಿನಲ್ಲಿ ಹೆಸರು ಕಲಿತ ಮಗು ಕನ್ನಡದಲ್ಲಿ ಅದನ್ನು ಹುಡುಕುತ್ತದೆ. ಹೆಸರನ್ನೇ ಕಲಿಯದ ಮಗು ಯಾವುದರಲ್ಲಿಯೂ ಹುಡುಕುವುದಿಲ್ಲ. ಪಕ್ಕದ ಮನೆಯ ಮಲಯಾಳದ ಮಕ್ಕಳು ಬಂದು ಸೇರಿಕೊಂಡರೆ ಅವರ ಹೆಸರುಗಳೂ ಬರಲಿ. ನಮ್ಮ ನೆಲದಲ್ಲಿ ಭಾಷೆಗಳು ಒಂದರ ಪಕ್ಕ ಒಂದು ಬೆಳೆದಿವೆ. ಕನ್ನಡಕ್ಕೆ ಅಪಾಯ ಬರುವುದು ಪಕ್ಕದ ಭಾಷೆ ಮಗುವಿನ ಕಿವಿಗೆ ಬಿದ್ದುದರಿಂದಲ್ಲ. ಕನ್ನಡದಲ್ಲಿ ಹೇಳಲು ನಮ್ಮಲ್ಲಿ ಏನೂ ಉಳಿಯದೆ ಹೋದಾಗ.

ಎರಡನೆಯ ಆಕ್ಷೇಪ ಅಪಾಯದ್ದು. ಇದು ನಿಜವಾದುದು, ಆದ್ದರಿಂದ ಸ್ಪಷ್ಟವಾಗಿ ಮಾತಾಡೋಣ. ಮೇ ತಿಂಗಳ ಸಂಜೆಗಳಲ್ಲಿ ನಮ್ಮಲ್ಲಿ ಸಿಡಿಲು ಸಾಮಾನ್ಯ. ಪೊಸಡಿ ಗುಂಪೆಯಂಥ ತೆರೆದ ಬೆಟ್ಟದ ನೆತ್ತಿಯಿಂದ ಸೂರ್ಯಾಸ್ತವನ್ನು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಮೋಡ ಕಟ್ಟಿದ ಸಂಜೆ ಮಕ್ಕಳೊಂದಿಗೆ ಅಲ್ಲಿ ಇರಕೂಡದು, ಒಂಟಿ ಮರದಡಿಯಲ್ಲಿಯೂ ನಿಲ್ಲಕೂಡದು. ಗುಡುಗು ಕೇಳಿದೊಡನೆ ಮನೆಯೊಳಗೋ ಮುಚ್ಚಿದ ಕಾರಿನೊಳಗೋ ಸೇರಬೇಕು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಉಳಿಯುವಂತಿಲ್ಲ. ರಾತ್ರಿ ಬರಿಯ ಚಾಪೆಯಲ್ಲಿ ನೆಲದ ಮೇಲೆ ಮಲಗುವುದು ಹಿಂದಿನವರ ರೂಢಿಯಾಗಿದ್ದರೂ ಕಟ್ಟುಹಾವು ಕಚ್ಚುವುದು ಹಾಗೆ ಮಲಗಿ ನಿದ್ರಿಸುವವರನ್ನೇ. ತಳಕ್ಕೆ ಹೊಲಿದ ಟೆಂಟು, ಇಲ್ಲವೆ ಚಾಪೆಯಡಿಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆ ಇದನ್ನು ತಡೆಯುತ್ತದೆ. ಆದ್ದರಿಂದ ಟೆಂಟನ್ನು ನಾನು ಶೋಕಿಯೆಂದು ತಳ್ಳಿಹಾಕಲಾರೆ. ಮಕ್ಕಳಿಗೆ ಸುಟ್ಟ ಗೇರುಬೀಜದಷ್ಟು ಇಷ್ಟವಾದದ್ದು ಇನ್ನೊಂದಿಲ್ಲ. ಅದರ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆಯಾದ್ದರಿಂದ ಒಡೆಯುವ ಕೆಲಸ ಹಿರಿಯರದೇ ಆಗಬೇಕು. ಇಷ್ಟು ಎಚ್ಚರವಿದ್ದರೆ ತೋಟದ ಅಂಚಿನ ರಾತ್ರಿಗೆ ಹೆದರಬೇಕಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ನೆಲದ ಭಯಕ್ಕೆ ಇನ್ನೊಂದು ಕಾರಣವೂ ಇದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗದಂಥ ಊರುಗಳ ಮಕ್ಕಳು ಅದರ ಬೆಲೆ ತೆತ್ತರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆಯಿತು. ಇಂಥ ನೆಲದಲ್ಲಿ ಮಕ್ಕಳನ್ನು ಬಯಲಿನಲ್ಲಿ ಮಲಗಿಸಿ ಎಂದು ಹಗುರವಾಗಿ ಹೇಳಲಾಗದು. ಆದರೆ ಆ ಅನ್ಯಾಯವನ್ನು ಹೊರಜಗತ್ತಿಗಿಂತ ಮೊದಲು ಗುರುತಿಸಿದವರು ಯಾರು? ತೋಟದಲ್ಲಿ ಜೇನುನೊಣ ಕಾಣುತ್ತಿಲ್ಲ, ತೋಡಿನಲ್ಲಿ ಮೀನು ಸತ್ತಿದೆ, ಕರು ಊನವಾಗಿ ಹುಟ್ಟಿದೆ ಎಂಬುದನ್ನು ಕಣ್ಣಿಟ್ಟು ನೋಡಿದ ಊರವರು. ನೆಲವನ್ನು ಬಲ್ಲವರಿಗಷ್ಟೇ ನೆಲ ಕೆಟ್ಟದ್ದು ಗೊತ್ತಾಗುತ್ತದೆ. ಮುಂದಿನ ತಲೆಮಾರು ಬಯಲನ್ನೇ ಅರಿಯದೆ ಬೆಳೆದರೆ ಮುಂದಿನ ಕೇಡನ್ನು ಮೊದಲು ಕಾಣುವವರು ಯಾರಿರುತ್ತಾರೆ?

ಮೂರನೆಯ ಆಕ್ಷೇಪವನ್ನು ಹೆಂಗಸರು ಎತ್ತುತ್ತಾರೆ, ಅದು ನ್ಯಾಯವಾದುದು. ಬೀಡಿನಲ್ಲಿ ಅಡುಗೆ ಮಾಡುವವರು ಯಾರು? ಮನೆಯಲ್ಲಿ ಗ್ಯಾಸಿನ ಒಲೆಯ ಮುಂದೆ ನಿಂತವಳು ಇಲ್ಲಿ ಮೂರು ಕಲ್ಲಿನ ಒಲೆಯ ಹೊಗೆಯಲ್ಲಿ ಕೂರಬೇಕೆಂದಾದರೆ ಈ ಬರಹಕ್ಕೆ ಅರ್ಥವಿಲ್ಲ. ಕುಚ್ಚಲಕ್ಕಿ ಗಂಜಿ, ಒಂದು ಚಟ್ನಿ, ಮಾವಿನ ಮಿಡಿಯ ಉಪ್ಪಿನಕಾಯಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಇಷ್ಟಕ್ಕೆ ನಳಪಾಕವೇನೂ ಬೇಡ. ಗಂಡಸರು ಮಾಡಲಿ, ದೊಡ್ಡ ಮಕ್ಕಳು ನೀರು ತರಲಿ, ಚಿಕ್ಕವರು ಕಡ್ಡಿ ಆರಿಸಲಿ. ಮಗುವಿಗೆ ರಾತ್ರಿ ಹೊರಗೆ ಹೋಗಬೇಕಾದಾಗ ಟಾರ್ಚು ಹಿಡಿದು ಎದ್ದು ಹೋಗುವವನು ಅಪ್ಪನಾಗಲಿ. ತಾಯಂದಿರು ಸುಮ್ಮನೆ ಕುಳಿತು ಮಾತಾಡುವಷ್ಟು ಹೊತ್ತು ಸಿಕ್ಕಿದರೆ ಅವರ ಬಾಲ್ಯದ ಕಥೆಗಳು ತಾವಾಗಿ ಹೊರಬರುತ್ತವೆ. ಮಕ್ಕಳು ಕಿವಿಗೊಡುವುದು ತಮಗಾಗಿ ಹೇಳದ ಇಂಥ ಕಥೆಗಳಿಗೆ.

ತೋಟವೂ ಗುಡ್ಡೆಯೂ ಇಲ್ಲದವರು ಏನು ಮಾಡಬೇಕು ಎಂಬುದು ನಾಲ್ಕನೆಯ ಪ್ರಶ್ನೆ. ಭೂಮಿಯಿದ್ದವರ ಸುಖವನ್ನು ಎಲ್ಲರ ಕರ್ತವ್ಯವೆಂದು ಸಾರುವುದು ಸರಿಯಲ್ಲ. ಆದರೆ ಬಂಧುಗಳಲ್ಲಿ, ಸ್ನೇಹಿತರಲ್ಲಿ ಯಾರಿಗಾದರೂ ಒಂದು ಅಂಗಳವಿರುತ್ತದೆ. ಊರಿನ ಕನ್ನಡ ಶಾಲೆಯ ಆಟದ ಬಯಲು ರಜೆಯಲ್ಲಿ ಖಾಲಿಯಿರುತ್ತದೆ. ಹತ್ತು ಕುಟುಂಬಗಳು ಸೇರಿ ಕೇಳಿದರೆ ಶಾಲೆಯವರು ಒಪ್ಪಿಯಾರು. ಮಕ್ಕಳ ಸಂಖ್ಯೆ ಇಳಿದು ಕನ್ನಡ ಮಾಧ್ಯಮದ ತರಗತಿಗಳು ಬರಿದಾಗುತ್ತಿರುವ ಈ ದಿನಗಳಲ್ಲಿ ಅಂಥ ಶಾಲೆಯ ಅಂಗಳದಲ್ಲಿ ಹತ್ತು ಮನೆಗಳ ಮಕ್ಕಳು ಒಂದು ರಾತ್ರಿ ಕಳೆದರೆ, ಆ ಶಾಲೆ ಅವರಿಗೆ ಮತ್ತೆ ತಮ್ಮದೆನಿಸೀತು. ಅಷ್ಟೂ ಆಗದಿದ್ದರೆ ಮನೆಯ ತಾರಸಿ ಇದೆ. ಆಕಾಶಕ್ಕೆ ಜಮೀನಿನ ಪಟ್ಟಾ ಬೇಕಾಗಿಲ್ಲ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದರಲ್ಲೇನು ಪಾತ್ರ ಎಂಬ ಮಾತಿಗೆ ಈಗ ಬರುತ್ತೇನೆ. ನಿಮ್ಮಲ್ಲಿ ಇನ್ನೂ ಯಾರೂ ತಂದೆತಾಯಿಗಳಾಗಿಲ್ಲ. ಆದರೆ ನೀವು ಅಣ್ಣಂದಿರು, ಅಕ್ಕಂದಿರು, ಚಿಕ್ಕಮ್ಮಂದಿರು, ಸೋದರಮಾವಂದಿರು. ಪುಟ್ಟ ಮಕ್ಕಳು ಹಿರಿಯರ ಮಾತಿಗಿಂತ ಇಪ್ಪತ್ತು ವರ್ಷದವರ ಮಾತನ್ನು ಬೇಗ ಅನುಕರಿಸುತ್ತಾರೆ. ಅಜ್ಜಿಯ ಪದ ನಿಮಗೆ ಅರ್ಥವಾಗುತ್ತದೆ, ಮಗುವಿನ ಇಂಗ್ಲಿಷೂ ಅರ್ಥವಾಗುತ್ತದೆ. ಮನೆಯಲ್ಲಿ ಎರಡು ದಡಗಳನ್ನೂ ಮುಟ್ಟಬಲ್ಲ ಸೇತುವೆ ನೀವು. ನಿಮ್ಮ ಓದೂ ನಿಮ್ಮನ್ನು ಇದಕ್ಕೆ ಸಿದ್ಧಗೊಳಿಸಿದೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅಧ್ಯಾಪಕರೊಬ್ಬರ ನಗೆ, ಕೀಟಲೆ, ಸಸ್ಯಜ್ಞಾನಗಳ ಪುಸ್ತಕವದು. ನಮ್ಮ ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿ ಆಟ, ನಾಟಕ, ನಿಸರ್ಗಗಳ ನಡುವೆ ಮಕ್ಕಳ ಕಲಿಕೆ ನಡೆಯಬೇಕೆಂದು ಯತ್ನಿಸಿದರು. ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿ ವಿಜ್ಞಾನವೂ ಹರಟೆಯೂ ಬೇರೆ ಬೇರೆಯಾಗಿ ನಿಲ್ಲುವುದಿಲ್ಲ. ಈ ಮೂವರೂ ಹೊರಗೆ ಹೋದರು, ನೋಡಿದರು, ಬಂದು ಕನ್ನಡದಲ್ಲಿ ಹೇಳಿದರು. ಪರೀಕ್ಷೆಗಾಗಿ ಇವರನ್ನು ಓದುವ ನಾವು ಅವರ ದಾರಿಯಲ್ಲಿ ನಾಲ್ಕು ಹೆಜ್ಜೆಯನ್ನಾದರೂ ಇಡದಿದ್ದರೆ ಆ ಓದು ಅಂಕಪಟ್ಟಿಯಲ್ಲಿ ಮುಗಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಬೀಡನ್ನು ತರಗತಿಯಾಗಿ ಮಾರ್ಪಡಿಸಬೇಡಿ. ಪದಪಟ್ಟಿ, ರಸಪ್ರಶ್ನೆ, ಬಹುಮಾನಗಳನ್ನು ಮನೆಯಲ್ಲೇ ಬಿಟ್ಟುಬನ್ನಿ. ಮಕ್ಕಳು "ಬರ್ಡ್" ಎಂದರೆ ತಿದ್ದಬೇಡಿ. "ಹೌದು, ಕುಟ್ರುಹಕ್ಕಿ, ಕೇಳು ಹೇಗೆ ಕುಟ್ರು ಕುಟ್ರು ಎನ್ನುತ್ತದೆ" ಎಂದು ಮಾತನ್ನು ಮುಂದುವರಿಸಿ. ಮೊದಲ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಸೆಕೆಯಿರುತ್ತದೆ, ಸೊಳ್ಳೆಯಿರುತ್ತದೆ, ಕತ್ತಲೆಯಲ್ಲಿ ನತ್ತಿಂಗ ಕೂಗಿದರೆ ಒಂದು ಮಗು ಮನೆಗೆ ಹೋಗೋಣವೆಂದು ಅಳುತ್ತದೆ. ಆ ಅಳುವನ್ನು ಸಂತೈಸುವ ಮಾತುಗಳು, ಆಮೇಲೆ ಮಿಂಚುಹುಳ ಕಂಡಾಗ ಹೊರಡುವ ಉದ್ಗಾರಗಳು, ಇವಕ್ಕಾಗಿಯೇ ಅಲ್ಲವೇ ಹೋದದ್ದು? ನಮ್ಮ ಐವರು ಮಕ್ಕಳಲ್ಲಿ ಎರಡು ದಿನಗಳಲ್ಲಿ ಪವಾಡವೇನೂ ನಡೆಯಲಿಲ್ಲ. ಶಾಲೆ ಆರಂಭವಾದ ಮೇಲೆ ಕಲಿತ ಹೆಸರುಗಳಲ್ಲಿ ಅರ್ಧ ಮರೆತಿವೆ. ಆದರೆ ಓಣಂ ರಜೆಗೆ ಮತ್ತೆ ಹೋಗೋಣವೇ ಎಂದು ಕೇಳಿದವರು ಅವರೇ, ಕೇಳಿದ್ದು ಕನ್ನಡದಲ್ಲಿ.

ಭಾಷೆಯ ಹಕ್ಕಿಗಾಗಿ ಅಧಿಕಾರಿಗಳ ಬಾಗಿಲು ತಟ್ಟುವ ಕೆಲಸ ನಿಲ್ಲಬಾರದು. ಕನ್ನಡ ಅಧ್ಯಾಪಕರ ನೇಮಕ, ಕನ್ನಡ ಪಠ್ಯಪುಸ್ತಕ, ಕನ್ನಡ ಬಲ್ಲ ಕಚೇರಿ, ಇವೆಲ್ಲ ಬೇಕು. ಆ ಬಾಗಿಲುಗಳು ತೆರೆಯುವುದು ನಮ್ಮ ಕೈಯಲ್ಲಿಲ್ಲ. ತೆರೆದಾಗ ಒಳಗೆ ಹೋಗಲು ಕನ್ನಡ ಬೇಕೆನ್ನುವ ಮಕ್ಕಳಿರುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ಒಂದು ಟೆಂಟೋ ಸೊಳ್ಳೆಪರದೆಯೋ, ಒಂದು ಪಾತ್ರೆ, ಎರಡು ಸೇರು ಅಕ್ಕಿ, ಒಬ್ಬ ಅಜ್ಜಿ, ಫೋನುಗಳನ್ನು ಚೀಲದೊಳಗಿಡಲು ಒಪ್ಪುವ ನಾಲ್ವರು ಹಿರಿಯರು. ಪತ್ತನಾಜೆ ಕಳೆದರೆ ಮಳೆ ಹತ್ತಿರವಾಗುತ್ತದೆ, ಪದವುಗಳ ಮೇಲೆ ನೀರು ನಿಲ್ಲುತ್ತದೆ, ಶಾಲೆಯ ವ್ಯಾನು ಮತ್ತೆ ಬರುತ್ತದೆ. ಈ ರಜೆಯಲ್ಲಿ ಅದಕ್ಕೆ ಮುಂಚಿನ ಯಾವುದಾದರೂ ಎರಡು ಇರುಳುಗಳನ್ನು ನಿಮ್ಮ ಮನೆಯ ಮಕ್ಕಳಿಗಾಗಿ ತೆಗೆದಿಡಿ.